ಹಳೆಯ ವ್ಯಾನು ಮತ್ತು ಹಿಂದಿನ ಸೀಟಿನವರು

ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಹಣ್ಣು ಮೂಟೆಯಾಗಿ ಸಾಗಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಹಳೆಯ ಗಾಡಿಗಳ ಮಾತುಕತೆಯೂ ಶುರುವಾಗುತ್ತದೆ. ಐದಾರು ಎಕರೆ ತೋಟದ ಬೆಳೆಗಾರನಿಗೆ ಆಳುಗಳನ್ನು ಕರೆತರಲು, ಗೊಬ್ಬರ ತರಲು ಒಂದು ವ್ಯಾನು ಬೇಕು. ಹೋಂಸ್ಟೇ ನಡೆಸುವವರಿಗೆ ಬಂದವರನ್ನು ಮುಖ್ಯರಸ್ತೆಯಿಂದ ಮನೆಗೆ ಮುಟ್ಟಿಸಲು ಬೇಕು. ದೊಡ್ಡ ಸಂಸಾರಕ್ಕೆ ಮದುವೆ, ಆಸ್ಪತ್ರೆ, ಹೊರನಾಡು ಎಂದು ತಿರುಗಾಡಲು ಬೇಕು. ಬಸ್ಸು ನೆಚ್ಚಿಕೊಂಡು ಬದುಕುವುದು ಇಲ್ಲಿ ಮೊದಲಿನಿಂದಲೂ ಕಷ್ಟ. 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿ, ಮಲೆನಾಡಿನ ಹಳ್ಳಿಹಳ್ಳಿಗೆ ಬಸ್ಸು ಓಡಿಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಅದು ಇನ್ನಷ್ಟು ಕಷ್ಟವಾಯಿತು. ಹೊಸ ಗಾಡಿಯ ಬೆಲೆ ಎಟುಕದವರಿಗೆ ಉಳಿಯುವುದು ಸೆಕೆಂಡ್ ಹ್ಯಾಂಡ್ ಓಮ್ನಿ ಅಥವಾ ಈಕೋ. ಇನ್ನು ಸ್ವಲ್ಪ ಕೈ ಬಿಚ್ಚಿದರೆ ಹಳೆಯ ಇನ್ನೋವಾ, ಎರ್ಟಿಗಾ.

ಇಂಥ ವ್ಯಾಪಾರದಲ್ಲಿ ಕೊಳ್ಳುವವರು ಸಾಮಾನ್ಯವಾಗಿ ಮೂರು ಮಾತು ಕೇಳುತ್ತಾರೆ. ಯಾವ ಕಂಪನಿ? ಎಷ್ಟು ಕಿಲೋಮೀಟರ್ ಓಡಿದೆ? ಯಾರ ಗಾಡಿ? ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕಿದರೆ ಗಾಡಿ ನೆಚ್ಚಬಹುದಾದದ್ದು ಎಂದು ತೀರ್ಮಾನ. ಈ ಮೂರೂ ಪ್ರಶ್ನೆಗಳು ಬೇಕಾದವೇ. ಆದರೆ ಮಲೆನಾಡಿನ ಗಾಡಿಯ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಈ ಮೂರರಲ್ಲೂ ಸಿಗುವುದಿಲ್ಲ ಎಂಬುದು ನನ್ನ ವಾದ. ಗಾಡಿ ಕೈಕೊಡುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಆ ಒಂದು ಗಾಡಿ ಎಂಥ ದಾರಿಯಲ್ಲಿ, ಎಂಥ ಮಳೆಯಲ್ಲಿ, ಎಷ್ಟು ಭಾರ ಹೊತ್ತು ಬಾಳಿದೆ ಎಂಬುದು. ಅದನ್ನು ತೂಗಿ ನೋಡುವ ಹೊಣೆ ಕೊಳ್ಳುವವನದು. ಏಕೆಂದರೆ ಗಾಡಿಯನ್ನು ಆರಿಸುವವನು ಒಬ್ಬ. ಅದರ ಹಿಂದಿನ ಸೀಟಿನಲ್ಲಿ ಕೂರುವವರು ಆಳುಗಳು, ಮಕ್ಕಳು, ಬಸುರಿಯರು, ವಯಸ್ಸಾದವರು. ಆಯ್ಕೆಯಲ್ಲಿ ಅವರಿಗೆ ಮಾತಿಲ್ಲ, ಅಪಾಯದಲ್ಲಿ ಮಾತ್ರ ಪಾಲಿದೆ.

ಮೊದಲು ಕಂಪನಿಯ ಹೆಸರು. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು ಮುಂದೆ ಓಮ್ನಿಯಾದ ಗಾಡಿ 2019ರವರೆಗೆ ತಯಾರಾಯಿತು. 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್, ಮುಂದಿನ ಸೀಟಿನ ಅಡಿಯಲ್ಲೇ ಅದರ ಜಾಗ, ಎಳೆಯುವುದು ಹಿಂದಿನ ಚಕ್ರ. ಸೀಟು ಎತ್ತಿದರೆ ಪ್ಲಗ್ಗು ಕೈಗೆ ಸಿಗುತ್ತದೆ. 2010ರಲ್ಲಿ ಬಂದ ಈಕೋ ಇದೇ ಜಾತಿಯದು, ಎಂಜಿನ್ ಸುಮಾರು 1,200 ಸಿಸಿ. ಇವುಗಳ ಹೆಸರಿಗೆ ಇರುವ ನಿಜವಾದ ಬೆಲೆ ಎಂದರೆ ಬಾಳೆಹೊನ್ನೂರು, ಮೂಡಿಗೆರೆ, ಕಳಸದ ಸಣ್ಣ ಗ್ಯಾರೇಜಿನಲ್ಲೂ ಇವುಗಳ ಒಳಹೊರಗು ಬಲ್ಲ ಕೈಗಳಿವೆ, ಬಿಡಿಭಾಗ ಸಿಗುತ್ತವೆ ಎಂಬುದು. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್ ಘಟ್ಟದ ದಾರಿ. ಕೆಟ್ಟು ನಿಂತ ಗಾಡಿಯನ್ನು ಅಷ್ಟು ದೂರ ಎಳೆಸಿಕೊಂಡು ಹೋಗಬೇಕಾದರೆ ಅದರ ಎಂಜಿನ್ ಎಷ್ಟು ನಯವಾಗಿದ್ದರೂ ಏನು ಬಂತು? ಊರಿನ ಮೆಕ್ಯಾನಿಕ್ ಬಲ್ಲ ಗಾಡಿ ಎಂಬುದು ಮಲೆನಾಡಿನಲ್ಲಿ ದೊಡ್ಡ ಗುಣವೇ ಹೌದು.

ಆದರೆ ಹೆಸರು ಹೇಳುವುದು ಅಲ್ಲಿಗೆ ಮುಗಿಯಿತು. ಷೆವರ್ಲೆ ತವೇರಾ ಒಂದು ಕಾಲದಲ್ಲಿ ಪ್ರವಾಸಿ ಟ್ಯಾಕ್ಸಿಗಳಲ್ಲಿ ಹೆಸರು ಮಾಡಿದ ಗಾಡಿ. 2013ರಲ್ಲಿ ಕಂಪನಿ 1.14 ಲಕ್ಷ ತವೇರಾಗಳನ್ನು ದೋಷ ಸರಿಪಡಿಸಲು ವಾಪಸು ಕರೆಯಿತು. 2017ರ ಕೊನೆಗೆ ಜನರಲ್ ಮೋಟಾರ್ಸ್ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಈಗಲೂ ಬೇಡಿಕೆಯಿರುವ ಈಕೋ ವಿಷಯದಲ್ಲೂ ಒಂದು ಉದಾಹರಣೆಯಿದೆ. 2021ರ ಜುಲೈನಿಂದ 2023ರ ಫೆಬ್ರವರಿವರೆಗೆ ತಯಾರಾದ ಈಕೋ ಮತ್ತು ಎಸ್-ಪ್ರೆಸ್ಸೊ ಸೇರಿ 87,599 ಗಾಡಿಗಳನ್ನು ಮಾರುತಿ 2023ರ ಜುಲೈನಲ್ಲಿ ವಾಪಸು ಕರೆಯಿತು. ಸ್ಟೀರಿಂಗಿನ ಟೈ ರಾಡ್‌ನಲ್ಲಿ ದೋಷವಿರಬಹುದು, ಅದು ಮುರಿಯಲೂಬಹುದು ಎಂಬುದು ಕಾರಣ. ಒಂದೇ ತಿಂಗಳು ತಯಾರಾದ ಎರಡು ಈಕೋಗಳಲ್ಲಿ ಒಂದನ್ನು ತೋರಿಸಿ ಸರಿಪಡಿಸಿಕೊಂಡಿರಬಹುದು, ಇನ್ನೊಂದರ ಮಾಲೀಕನಿಗೆ ಸುದ್ದಿಯೇ ಮುಟ್ಟದಿರಬಹುದು. ಹೆಸರು ಒಂದೇ, ತಿರುವಿನಲ್ಲಿ ಎರಡರ ಗತಿ ಬೇರೆ. ಷಾಸಿ ನಂಬರ್ ಕೊಟ್ಟು ಸರ್ವಿಸ್ ಕೇಂದ್ರದಲ್ಲಿ ಕೇಳಿದರೆ ಇದು ತಿಳಿಯುತ್ತದೆ. ಹೀಗೆ ಕೇಳಿ ತಿಳಿದುಕೊಳ್ಳುವುದನ್ನೇ ಗಾಡಿ ತೂಗುವುದು ಎನ್ನಬೇಕು.

ಎರಡನೆಯದು ಮೀಟರು. ಮೀಟರ್ ತಿರುಗಿಸಿ ಮಾರುವ ಮೋಸ ಎಲ್ಲರಿಗೂ ಗೊತ್ತಿರುವುದೇ. ಅದು ಹಾಗಿರಲಿ, ಮೀಟರ್ ನಿಜವನ್ನೇ ತೋರಿಸುತ್ತಿದೆ ಎಂದು ಒಪ್ಪಿಕೊಂಡರೂ ಮಲೆನಾಡಿನಲ್ಲಿ ಆ ಅಂಕಿಯಿಂದ ತಿಳಿಯುವುದು ಕಡಿಮೆ. ಹಾಸನದಿಂದ ಬೆಂಗಳೂರಿಗೆ ಟಾಪ್ ಗೇರಿನಲ್ಲಿ ಓಡಿದ ಒಂದು ಕಿಲೋಮೀಟರಿಗೂ, ಸಂಸೆಯ ಏರಿನಲ್ಲಿ ಸೆಕೆಂಡ್ ಗೇರಿನಲ್ಲಿ ಹತ್ತಿದ ಒಂದು ಕಿಲೋಮೀಟರಿಗೂ ಮೀಟರಿನಲ್ಲಿ ವ್ಯತ್ಯಾಸವಿಲ್ಲ. ಎಂಜಿನ್ನಿಗೆ ವ್ಯತ್ಯಾಸವಿದೆ. ಸೆಕೆಂಡ್ ಗೇರಿನಲ್ಲಿ ಅದೇ ದೂರಕ್ಕೆ ಎಂಜಿನ್ ಸುಮಾರು ಎರಡು ಪಟ್ಟು ಸುತ್ತುತ್ತದೆ, ಅದೂ ಪೂರ್ತಿ ಭಾರ ಹೊತ್ತು, ಮುಂದಿನಿಂದ ಗಾಳಿ ಕಡಿಮೆ ಬೀಸುವ ನಿಧಾನಗತಿಯಲ್ಲಿ. ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ನಿಂತು, ಹ್ಯಾಂಡ್ ಬ್ರೇಕ್ ಎಳೆದು, ಮತ್ತೆ ಏರಿನಲ್ಲೇ ಎತ್ತಬೇಕು. ಪ್ರತಿ ಸಲವೂ ಕ್ಲಚ್ ಪ್ಲೇಟು ಸವೆಯುತ್ತದೆ. ಹಾಗಾಗಿ ಅರವತ್ತು ಸಾವಿರ ಓಡಿದ ತೋಟದ ವ್ಯಾನು ಒಂದು ಲಕ್ಷ ಓಡಿದ ಬಯಲುಸೀಮೆಯ ವ್ಯಾನಿಗಿಂತ ಹೆಚ್ಚು ದಣಿದಿರಬಹುದು. ಕಿಲೋಮೀಟರ್ ಕಡಿಮೆ ಎಂಬ ಒಂದೇ ಕಾರಣಕ್ಕೆ ಹೆಚ್ಚು ಬೆಲೆ ಕೊಡುವುದು ಬಯಲಿನ ಲೆಕ್ಕವನ್ನು ಬೆಟ್ಟಕ್ಕೆ ಹೊಂದಿಸಿದಂತೆ.

ಭಾರದ ಕಥೆಯೂ ಇದೆ. 50 ಕಿಲೋ ತೂಗುವ ಹತ್ತು ಮೂಟೆ ಎಂದರೆ ಅರ್ಧ ಟನ್. ಐದು ಜನರಿಗೆಂದು ಮಾಡಿದ ಗಾಡಿಯ ಸೀಟು ಬಿಚ್ಚಿ ಅಷ್ಟನ್ನು ಹೇರಿ ವರ್ಷಗಟ್ಟಲೆ ಓಡಿಸಿದ್ದರೆ ಹಿಂದಿನ ಸ್ಪ್ರಿಂಗು, ಡಿಫರೆನ್ಷಿಯಲ್ಲು, ಚಕ್ರದ ಬೇರಿಂಗು ಅದನ್ನು ಮರೆಯುವುದಿಲ್ಲ. ಇಲ್ಲಿ ಇನ್ನೊಂದು ಸಂಗತಿಯನ್ನು ಕೊಳ್ಳುವವರು ಕೇಳುವುದೇ ಇಲ್ಲ: ಗಾಡಿಯಲ್ಲಿ ಗೊಬ್ಬರ ಸಾಗಿಸಿದ್ದಾರೆಯೇ? ಪೊಟ್ಯಾಷ್ ಎಂದು ನಾವು ಕರೆಯುವ ಗೊಬ್ಬರ ರಾಸಾಯನಿಕವಾಗಿ ಒಂದು ಉಪ್ಪು. ಚೀಲ ಹರಿದು ಚೆಲ್ಲಿದ ಪೊಟ್ಯಾಷ್, ಯೂರಿಯಾ ಮಳೆಗಾಲದ ತೇವವನ್ನು ಹೀರಿ ನೆಲದ ರಬ್ಬರ್ ಹಾಸಿನ ಅಡಿಯಲ್ಲಿ ಕೂತರೆ ತಗಡನ್ನು ಸದ್ದಿಲ್ಲದೆ ತಿನ್ನುತ್ತದೆ. ಮೇಲೆ ಹೊಸ ಬಣ್ಣ, ಹೊಸ ಸೀಟ್ ಕವರ್. ಕಾಲಿಡುವ ನೆಲ ಮಾತ್ರ ಟೊಳ್ಳು.

ಮೂರನೆಯದು ‘ಯಾರ ಗಾಡಿ’ ಎಂಬ ಪ್ರಶ್ನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದರು. ಮಾರುವವನಿಗೆ ಗಾಡಿಯ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಕೊಳ್ಳುವವನು ಎಲ್ಲ ಗಾಡಿಗೂ ಸರಾಸರಿ ಬೆಲೆ ಮಾತ್ರ ಕೊಡಲು ಸಿದ್ಧ. ಆ ಬೆಲೆಗೆ ಒಳ್ಳೆಯ ಗಾಡಿ ಇರುವವನು ಮಾರಲು ಒಪ್ಪುವುದಿಲ್ಲ; ಕೆಟ್ಟ ಗಾಡಿಯವನು ಸಂತೋಷದಿಂದ ಮಾರುತ್ತಾನೆ. ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟ ಗಾಡಿಗಳೇ ಹೆಚ್ಚಾಗುತ್ತವೆ. ಈ ಬಗೆಯ ಚಿಂತನೆಗಾಗಿ 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾಲು ಬಂತು. ಈ ರೋಗಕ್ಕೆ ಮಲೆನಾಡಿನಂಥ ಊರುಗಳಲ್ಲಿ ಒಂದು ಸಹಜ ಮದ್ದಿದೆ ಎನಿಸುತ್ತದೆ: ಇಲ್ಲಿ ಎಲ್ಲರಿಗೂ ಎಲ್ಲರ ಗಾಡಿ ಗೊತ್ತು. ಬಣಕಲ್‌ನಲ್ಲಿ ಮಾರಾಟಕ್ಕಿರುವ ಓಮ್ನಿ ಯಾವ ತೋಟದಲ್ಲಿತ್ತು, ಯಾರು ಓಡಿಸುತ್ತಿದ್ದರು, ಯಾವ ವರ್ಷ ಗುಂಡಿಗೆ ಬಿದ್ದಿತ್ತು ಎಂಬುದನ್ನು ಪೇಟೆಯ ಟೀ ಅಂಗಡಿಯಲ್ಲಿ ಕೇಳಿದರೂ ತಿಳಿಯುತ್ತದೆ.

ತಿಳಿಯುತ್ತದೆ, ಕೇಳಿದರೆ. ನಾವು ಕೇಳುವುದಿಲ್ಲ, ದಾಕ್ಷಿಣ್ಯ ಅಡ್ಡ ಬರುತ್ತದೆ. ನೆಂಟರ ಗಾಡಿ, ಪಕ್ಕದ ತೋಟದ ಸಾಹುಕಾರರ ಗಾಡಿ, ದೇವಸ್ಥಾನದ ಸಮಿತಿಯಲ್ಲಿ ಜೊತೆಗಿರುವವರ ಗಾಡಿ ಎಂದ ಮೇಲೆ ಅಡಿಗೆ ಮಲಗಿ ನೋಡುವುದು, ಸರ್ವಿಸ್ ಬಿಲ್ ಕೇಳುವುದು, ಬೇರೆ ಮೆಕ್ಯಾನಿಕ್‌ಗೆ ತೋರಿಸುತ್ತೇನೆ ಎನ್ನುವುದು ಅವರನ್ನು ಅನುಮಾನಿಸಿದಂತೆ ಎನಿಸುತ್ತದೆ. ಹೀಗೆ ಪರಿಚಯವೆಂಬ ಮದ್ದೇ ನಮಗೆ ತೊಡಕಾಗುತ್ತದೆ. ಅನೇಕ ಸಲ ಮಾರುವವರಲ್ಲಿ ಮೋಸದ ಉದ್ದೇಶವೂ ಇರುವುದಿಲ್ಲ. ಅವರ ಗಾಡಿಯನ್ನು ಓಡಿಸಿದ್ದು ಡ್ರೈವರು; ಬ್ರೇಕು ಕೊನೆಯ ಸಲ ಬಿಚ್ಚಿದ್ದು ಯಾವಾಗ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಮನುಷ್ಯನ ಮೇಲಿನ ನಂಬಿಕೆಯನ್ನು ಕಬ್ಬಿಣದ ಮೇಲೆ ಹೊರಿಸಬಾರದು. ‘ನಿಮ್ಮ ಮೇಲೆ ಅನುಮಾನವಿಲ್ಲ, ಮನೆ ಮಂದಿಯೆಲ್ಲ ಕೂರುವ ಗಾಡಿ, ಒಂದು ಸಲ ಲಿಫ್ಟಿಗೆ ಹಾಕಿ ನೋಡುತ್ತೇನೆ’ ಎಂದು ಮರ್ಯಾದೆಯಿಂದ ಹೇಳಿದರೆ ಬೇಸರಪಡುವವರು ಕಡಿಮೆ. ಬೇಸರಪಟ್ಟು ಬೇಡವೆಂದರೆ ಅದೂ ಒಂದು ಉತ್ತರವೇ.

ಹಾಗಾದರೆ ನೋಡಬೇಕಾದದ್ದು ಏನು? ಬೇಸಿಗೆಯಲ್ಲಿ ಕೊಳ್ಳುವ ಗಾಡಿಯಲ್ಲಿ ಮಳೆಗಾಲವನ್ನು ಹುಡುಕಬೇಕು. ಫೆಬ್ರವರಿಯ ಒಣ ರಸ್ತೆಯಲ್ಲಿ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರಿದ್ರಾ, ಪುನರ್ವಸು, ಪುಷ್ಯ ಎಂದು ಜಡಿಮಳೆ ಹಿಡಿದಾಗ ಗಾಡಿಯ ಅಡಿಭಾಗ ತಿಂಗಳುಗಟ್ಟಲೆ ಒಣಗುವುದಿಲ್ಲ. ಓಮ್ನಿ, ಈಕೋಗಳಿಗೆ ಲಾರಿಯಂತೆ ಬೇರೆ ಷಾಸಿಯಿಲ್ಲ. ನೆಲ, ಬಾಡಿ ಎಲ್ಲ ಸೇರಿಯೇ ಗಾಡಿಯ ಬೆನ್ನೆಲುಬು. ಆದ್ದರಿಂದ ಇಲ್ಲಿ ತುಕ್ಕು ಎಂದರೆ ಅಂದಗೆಟ್ಟ ಬಣ್ಣವಲ್ಲ, ಸೋತ ಮೂಳೆ. ರಬ್ಬರ್ ಹಾಸು ಎತ್ತಿ ನೆಲವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದು ನೋಡಬೇಕು. ಸರಿಯುವ ಬಾಗಿಲಿನ ಕೆಳಗಿನ ಪಟ್ಟಿ, ಚಕ್ರದ ಕಮಾನಿನ ಒಳಗಡೆ, ಸ್ಪ್ರಿಂಗು ಕೂರುವ ಜಾಗ, ಸೀಟ್ ಬೆಲ್ಟಿನ ಬೋಲ್ಟು ಹಿಡಿದಿರುವ ತಗಡು ಇವನ್ನು ಬೆಳಕು ಹಾಕಿ ನೋಡಬೇಕು. ಹೊಸದಾಗಿ ಅಡಿಗೆ ಕಪ್ಪು ಬಳಿದಿದ್ದರೆ ಮೆಚ್ಚುವ ಮೊದಲು ಏಕೆ ಬಳಿದರು ಎಂದು ಕೇಳಬೇಕು.

ನಂಬರ್ ಪ್ಲೇಟು ಕೂಡ ಹವಾಮಾನದ ಸುಳಿವು ಕೊಡುತ್ತದೆ. ಕೆಎ-18 ಎಂದರೆ ಚಿಕ್ಕಮಗಳೂರಿನದು, ಮಳೆ ಮತ್ತು ಏರಿಳಿತ ಕಂಡದ್ದು. ಕೆಎ-19, ಕೆಎ-20 ಎಂದರೆ ಮಂಗಳೂರು, ಉಡುಪಿಯವು. ಕಡಲ ಉಪ್ಪುಗಾಳಿಯಲ್ಲಿ ನಿಂತಿರಬಹುದು. ಬೆಂಗಳೂರಿನ ಗಾಡಿಯ ಬಾಡಿ ಒಣಗಿರುತ್ತದೆ, ಆದರೆ ಸಿಗ್ನಲ್ಲು, ಟ್ರಾಫಿಕ್ಕಿನಲ್ಲಿ ಕ್ಲಚ್ ಸವೆದಿರುತ್ತದೆ. ನೆಲ ಬದಲಿಸುವುದಕ್ಕಿಂತ ಕ್ಲಚ್ ಬದಲಿಸುವುದು ಅಗ್ಗ ಮತ್ತು ಸುಲಭ ಎಂಬುದನ್ನು ನೆನಪಿಟ್ಟರೆ ಆಯ್ಕೆ ಸಲೀಸು. 2018ರ ಆಗಸ್ಟ್‌ನಲ್ಲಿ ಕೇರಳ, ಕೊಡಗಿನ ನೆರೆಯಲ್ಲಿ ಎಷ್ಟೋ ಗಾಡಿಗಳು ಮುಳುಗಿದವು. ನಮ್ಮಲ್ಲೇ ಭದ್ರೆ ತುಂಬಿದಾಗ ಮುಳುಗುವುದಕ್ಕೆ ಹೆಸರಾದ ಕಳಸದ ಹೆಬ್ಬಾಳೆ ಸೇತುವೆಯ ಮೇಲೆ ನೀರಿನಲ್ಲೇ ದಾಟಿಸಿದ ಗಾಡಿಗಳಿರಬಹುದು. ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ತುದಿಯಲ್ಲಿ ಕಾಣುವ ಕೆಸರಿನ ಗೆರೆ, ಸೀಟಿನ ಹಳಿಯ ತುಕ್ಕು, ಡಿಫರೆನ್ಷಿಯಲ್ ಎಣ್ಣೆ ನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗಿರುವುದು ಅದನ್ನು ಹೇಳುತ್ತವೆ.

ಓಡಿಸಿ ನೋಡುವುದೂ ನಮ್ಮ ದಾರಿಯಲ್ಲೇ ಆಗಬೇಕು. ಪೇಟೆಯ ಬೀದಿಯಲ್ಲಿ ಒಂದು ಸುತ್ತು ಹಾಕಿ ‘ಸ್ಮೂತಾಗಿದೆ’ ಎನ್ನುವುದು ಪರೀಕ್ಷೆಯಲ್ಲ. ಬೆಳಿಗ್ಗೆ ತಣ್ಣಗಿರುವಾಗ ಎಂಜಿನ್ ಸ್ಟಾರ್ಟ್ ಮಾಡಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಬೇಕು. ಎಣ್ಣೆ ಸುರಿಯುವ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿದರೆ ಎಂಜಿನ್ ಬೋರಿಂಗಿಗೆ ಬಂದಿದೆ ಎಂದರ್ಥ. ಆಮೇಲೆ ಐದಾರು ಜನ ಕೂತು ಏರು ಹತ್ತಿಸಬೇಕು. ಅರ್ಧ ಏರಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಿಡಿಯುತ್ತದೆಯೇ, ಕ್ಲಚ್ ಕಮಟು ವಾಸನೆಯಿಲ್ಲದೆ ಎತ್ತುತ್ತದೆಯೇ, ಮೇಲೆ ಮುಟ್ಟಿದಾಗ ಟೆಂಪರೇಚರ್ ಮುಳ್ಳು ಎಲ್ಲಿದೆ ಎಂದು ನೋಡಬೇಕು. ಓಮ್ನಿಗೂ ಹಳೆಯ ಡೀಸೆಲ್ ಇನ್ನೋವಾಕ್ಕೂ ಟೈಮಿಂಗ್ ಬೆಲ್ಟ್ ಇದೆ. ಅದನ್ನು ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಿಡಿಯಬೇಕು. ಆ ಡೀಸೆಲ್ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ.

ಏರಿಗಿಂತ ಮುಖ್ಯವಾದದ್ದು ಇಳಿಜಾರು. ಏರಿನಲ್ಲಿ ಕೈಕೊಟ್ಟ ಗಾಡಿ ದಾರಿಯಲ್ಲಿ ನಿಲ್ಲುತ್ತದೆ. ಇಳಿಜಾರಿನಲ್ಲಿ ಕೈಕೊಟ್ಟದ್ದು ನಿಲ್ಲುವುದಿಲ್ಲ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವ ಅಭ್ಯಾಸ ಕೆಲವರಿಗಿದೆ. ಆಗ ಎಂಜಿನ್ನಿನ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಡ್ರಮ್ಮು ಕಾಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಗುಣದ್ದು. ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ, ಕುದಿದಾಗ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆಯಲ್ಲೇ ಇರುವ ಊರಿನಲ್ಲಿ ಈ ಎಣ್ಣೆಯನ್ನು ಹೊತ್ತುಹೊತ್ತಿಗೆ ಬದಲಿಸದಿದ್ದರೆ ಆ ಗಾಡಿಯ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಅದನ್ನು ನೆಚ್ಚಬಾರದು. ನಾಲ್ಕೂ ಚಕ್ರ ಬಿಚ್ಚಿಸಿ ಬ್ರೇಕ್ ನೋಡದೆ ಬೆಟ್ಟದೂರಿನಲ್ಲಿ ಗಾಡಿ ಕೊಳ್ಳಬಾರದು ಎಂಬುದನ್ನು ನಾನು ಒಂದು ನಿಯಮವಾಗಿಯೇ ಹೇಳುತ್ತೇನೆ.

ದಾರಿಗೆ ತಕ್ಕ ಗಾಡಿ ಎಂಬ ಮಾತಿಗೂ ಕಾರಣವಿದೆ. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಚಕ್ರ ಎಳೆಯುವ ಓಮ್ನಿ, ಈಕೋ, ಇನ್ನೋವಾ ಜನ ತುಂಬಿದಾಗ ನೆಲ ಕಚ್ಚಿ ಹತ್ತುತ್ತವೆ. ಖಾಲಿಯಿದ್ದಾಗ ಜೇಡಿಯಲ್ಲಿ ಹಿಂಭಾಗ ಜಾರುತ್ತದೆ. ಮುಂದಿನ ಚಕ್ರ ಎಳೆಯುವ ಎರ್ಟಿಗಾ ಡಾಂಬರು ರಸ್ತೆಯಲ್ಲಿ ಬಲು ಸುಖ, ಏಳು ಜನ ಕೂತು ತೋಟದೊಳಗಿನ ಕೆಸರು ಏರು ಹತ್ತುವಾಗ ಮಾತ್ರ ಮುಂದಿನ ಚಕ್ರ ಹಗುರಾಗಿ ಸುತ್ತತೊಡಗುತ್ತದೆ. ಮನೆಯವರೆಗೆ ಕಾಂಕ್ರೀಟ್ ರಸ್ತೆ ಇರುವವರಿಗೆ ಒಳ್ಳೆಯದಾದ ಗಾಡಿ ಗದ್ದೆ ದಾಟಿ ಮನೆ ಸೇರುವವರಿಗೆ ಒಳ್ಳೆಯದಾಗಬೇಕಿಲ್ಲ.

ಕಾಗದಪತ್ರವೂ ಗಾಡಿಯ ಭಾಗವೇ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ. ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಕಾರುಗಳ ಈ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಾಗಾಗಿ ಹದಿನಾಲ್ಕು ವರ್ಷದ ಓಮ್ನಿ ಅಗ್ಗಕ್ಕೆ ಸಿಕ್ಕಿತೆಂದರೆ ಮುಂದಿನ ವರ್ಷದ ಖರ್ಚು ನಮ್ಮ ತಲೆಗೆ ಬಂತು. ಗ್ಯಾಸ್ ಕಿಟ್ ಇದ್ದರೆ ಆರ್‌ಸಿಯಲ್ಲಿ ದಾಖಲಾಗಿದೆಯೇ ನೋಡಬೇಕು. ಸಾಲ ತೀರಿದ್ದರೆ ಬ್ಯಾಂಕಿನ ಹೆಸರು ಆರ್‌ಸಿಯಿಂದ ಇಳಿದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಪೆಟ್ಟಿಗೆಯಲ್ಲಿಟ್ಟರೆ ಸಾಲದು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಹೇಳುತ್ತದೆ. ಹಲವು ಕೈ ಬದಲಾಗಿಯೂ ಆರ್‌ಸಿಯಲ್ಲಿ ಮೊದಲ ಮಾಲೀಕನ ಹೆಸರೇ ಉಳಿದಿದ್ದ ಒಂದು ಪ್ರಕರಣದಲ್ಲಿ, ಅಪಘಾತದ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿತು. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸಿ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಆಗ ನಷ್ಟ ಅನುಭವಿಸುವವರು ಗಾಯಗೊಂಡು ಪರಿಹಾರಕ್ಕೆ ಅಲೆಯುವವರು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಓಮ್ನಿಯ ತಯಾರಿಕೆ ನಿಂತದ್ದು ಜನಕ್ಕೆ ಬೇಡವಾಗಿ ಅಲ್ಲ. 2019ರಲ್ಲಿ ಬಂದ ಸುರಕ್ಷತಾ ನಿಯಮಗಳಿಗೆ ಆ ವಿನ್ಯಾಸ ಹೊಂದಲಿಲ್ಲ. ಅದರಲ್ಲಿ ಮುಂದೆ ಕೂತವರ ಕಾಲಿಗೂ ಎದುರಿನ ಗಾಡಿಗೂ ನಡುವೆ ಇರುವುದು ತೆಳು ತಗಡು. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಈಕೋಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. ದಿನವೂ ತಪ್ಪದೆ ಸ್ಟಾರ್ಟ್ ಆಗುವುದನ್ನೇ ನಂಬಿಗಸ್ತಿಕೆ ಎಂದು ಕರೆದರೆ ಇವು ನಂಬಿಗಸ್ತ ಗಾಡಿಗಳು. ಆದರೆ ಕೆಟ್ಟ ಗಳಿಗೆಯಲ್ಲಿ ಒಳಗಿರುವವರನ್ನು ಕಾಯುವುದೂ ಅದರಲ್ಲಿ ಸೇರಬೇಕು. ದುಡ್ಡು ಸ್ವಲ್ಪ ಹೊಂದುವವರು ಹತ್ತು ವರ್ಷ ಹಳೆಯ, ತುಂಬಿ ತುಳುಕುವ ವ್ಯಾನಿಗಿಂತ ಏರ್‌ಬ್ಯಾಗ್, ಎಬಿಎಸ್ ಇರುವ ಈಚಿನ ಗಾಡಿಯನ್ನು ಒಂದು ವರ್ಷ ಕಾದಾದರೂ ಕೊಳ್ಳುವುದು ಮೇಲು. ಓಮ್ನಿ, ಈಕೋವನ್ನೇ ಕೊಳ್ಳಬೇಕಾದವರು ಆರ್‌ಸಿಯಲ್ಲಿ ಬರೆದಷ್ಟೇ ಜನರನ್ನು ಕೂರಿಸುವುದು, ಹಿಂದಿನ ಸೀಟಿಗೂ ಬೆಲ್ಟ್ ಹಾಕಿಸುವುದು, ಕತ್ತಲೆ ಮತ್ತು ಮಂಜಿನಲ್ಲಿ ನಿಧಾನವಾಗಿ ಓಡಿಸುವುದು ಎಂಬ ಕರಾರನ್ನು ತಮಗೆ ತಾವೇ ಹಾಕಿಕೊಳ್ಳಬೇಕು.

ಇದೆಲ್ಲ ದುಡ್ಡಿರುವವರ ಮಾತು, ಒಂದೂವರೆ ಲಕ್ಷ ಹೊಂದಿಸಲು ಒದ್ದಾಡುವವನಿಗೆ ಇಷ್ಟೆಲ್ಲ ನೋಡಲು ಎಲ್ಲಾಗುತ್ತದೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಆದರೆ ನೋಡುವುದಕ್ಕೆ ಆಗುವ ಖರ್ಚು ಮೆಕ್ಯಾನಿಕ್‌ನ ಅರ್ಧ ದಿನದ ಕೂಲಿ. ನೋಡದೆ ಕೊಂಡರೆ ಆಗುವ ಖರ್ಚಿಗೆ ಮಿತಿಯಿಲ್ಲ. ಬಡವನಿಗೆ ಎರಡನೇ ಸಲ ಕೊಳ್ಳುವ ಅವಕಾಶ ಇಲ್ಲದ್ದರಿಂದಲೇ ಮೊದಲ ಸಲ ಹೆಚ್ಚು ನೋಡಬೇಕು. ಕೈಯಲ್ಲಿರುವ ದುಡ್ಡನ್ನೆಲ್ಲ ಗಾಡಿಗೇ ಸುರಿಯದೆ ಹತ್ತರಲ್ಲಿ ಒಂದು ಪಾಲನ್ನು ಟೈರು, ಬ್ರೇಕು, ಬೆಲ್ಟು, ವೈಪರಿಗೆ ಎತ್ತಿಡಬೇಕು. ಹೊಳೆಯುವ ಬಾಡಿ, ಮ್ಯೂಸಿಕ್ ಸಿಸ್ಟಂಗೆ ಕೊಡುವ ಬೆಲೆಯನ್ನು ಗಟ್ಟಿ ನೆಲ, ಒಳ್ಳೆಯ ಬ್ರೇಕಿಗೆ ಕೊಡಬೇಕು. ಎಂಜಿನ್ ಸ್ವಲ್ಪ ಸವೆದು ನೆಲ ಗಟ್ಟಿಯಿರುವ ಗಾಡಿ, ಎಂಜಿನ್ ಚೆನ್ನಾಗಿದ್ದು ನೆಲ ತಿಂದಿರುವ ಗಾಡಿ ಇವೆರಡರಲ್ಲಿ ಮೊದಲನೆಯದೇ ಮೇಲು. ಎಂಜಿನ್ನನ್ನು ಊರಿನಲ್ಲೇ ಇಳಿಸಿ ಸರಿಮಾಡಬಹುದು, ಕೊಳೆತ ಬೆನ್ನೆಲುಬಿಗೆ ಬೆಸುಗೆ ಹಾಕಿ ಮೊದಲಿನ ಬಲ ತರಲಾಗದು.

ತೋಟದ ಮಾಲೀಕರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ತಾವು ಓಡಾಡುವ ಕಾರಿಗೆ ಹೊತ್ತಿಗೆ ಸರಿಯಾಗಿ ಸರ್ವಿಸ್ ಮಾಡಿಸುವವರು ಆಳುಗಳ ವ್ಯಾನಿಗೆ ‘ಓಡಿದಷ್ಟು ಓಡಲಿ’ ಎಂದು ಬಿಡುವುದುಂಟು. ಲೈನು ಮನೆಯಿಂದ ತೋಟಕ್ಕೆ ಹೊರಟ ಹೆಂಗಸು ಆ ವ್ಯಾನಿನ ಬ್ರೇಕನ್ನು ಪರೀಕ್ಷಿಸಿ ಹತ್ತಲಾರಳು. ಕೂಲಿ ತಪ್ಪುತ್ತದೆಂದು ಹತ್ತದೆ ಇರಲೂ ಆರಳು. ಅವಳ ಪರವಾಗಿ ಅನುಮಾನಿಸುವ, ಪ್ರಶ್ನೆ ಕೇಳುವ, ಬೇಡವೆನ್ನುವ ಹಕ್ಕು ಇರುವುದು ಗಾಡಿ ಕೊಳ್ಳುವವನಿಗೆ ಮಾತ್ರ. ಬೆಲೆ ಒಪ್ಪಂದವಾದ ಮೇಲೂ, ಮುಂಗಡ ಕೊಟ್ಟ ಮೇಲೂ ನೆಲ ಟೊಳ್ಳೆಂದು ಕಂಡರೆ ಆ ಹಕ್ಕನ್ನು ಚಲಾಯಿಸಬೇಕು. ಮುಂಗಡ ಕಳೆದುಕೊಂಡರೆ ಅದು ದುಡ್ಡಿನ ನಷ್ಟ, ಮತ್ತೊಂದು ಕೊಯ್ಲಿನಲ್ಲಿ ತುಂಬಿಕೊಳ್ಳಬಹುದು.